ವಾಜೀಕರಣ: ಮೂಲಿಕೆಯ ಮಾತು, ಪೊಟ್ಟಣದ ಮಾತು

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ವಾಜಿಯೆಂದರೆ ಕುದುರೆ, ಪುರುಷನಿಗೆ ಕುದುರೆಯ ಕಸುವನ್ನು ತಂದುಕೊಡುವ ಚಿಕಿತ್ಸೆಯೆಂದು ಪದದ ಅರ್ಥ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದು ಎರಡನೆಯ ಅಧ್ಯಾಯ. ಜ್ವರಕ್ಕೆ ಕೂಡ ಮೂರನೆಯ ಸ್ಥಾನ! ಚೀನೀಯರು ಕುದುರೆಯನ್ನು ಬಿಟ್ಟು ಆಡನ್ನು ಹಿಡಿದರು. ಅವರ ‘ಯಿನ್ ಯಾಂಗ್ ಹುವೋ’ ಎಂಬ ಮೂಲಿಕೆಯ ಸೊಪ್ಪನ್ನು ಮೇದ ಆಡುಗಳಿಗೆ ಮದವೇರಿತೆಂದು ಕಥೆ. ಪೂರ್ವಿಕರು ಸಂಕೋಚವಿಲ್ಲದೆ ಶಾಸ್ತ್ರವಾಗಿ ಬರೆದಿಟ್ಟ ವಿಷಯವನ್ನು ನಾವು ಗೋಡೆಯ ಮೇಲಿನ ಜಾಹೀರಾತುಗಳಿಗೆ ಒಪ್ಪಿಸಿ ಮುಖ ತಿರುಗಿಸಿಕೊಂಡಿದ್ದೇವೆ.

ಉತ್ಥಾನವೆಂಬುದು ಮೂಲತಃ ರಕ್ತದ ಹರಿವಿನ ವ್ಯವಹಾರ. ಮನಸ್ಸು ಪ್ರೇರಿಸಿದಾಗ ನರಗಳ ತುದಿಯಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊಮ್ಮುತ್ತದೆ. ಅದರಿಂದ ಹುಟ್ಟುವ ಒಂದು ರಾಸಾಯನಿಕ ದೂತ ರಕ್ತನಾಳದ ಸ್ನಾಯುಗಳನ್ನು ಸಡಿಲಿಸಿ ರಕ್ತಕ್ಕೆ ದಾರಿ ಬಿಡುತ್ತಾನೆ. ಈ ದೂತನನ್ನು ಅಳಿಸಿಹಾಕುವುದು ಪಿ.ಡಿ.ಇ.-5 ಎಂಬ ಕಿಣ್ವದ ಕೆಲಸ. ಆ ಕಿಣ್ವದ ಕೈಯನ್ನು ಕಟ್ಟಿಹಾಕುವ ಗುಳಿಗೆಯೇ ಸಿಲ್ಡೆನಾಫಿಲ್. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವಯಾಗ್ರ.

ಆದರೆ ಈ ಗುಳಿಗೆಗಿಂತ ಮುಂಚೆಯೇ ಗಿಡವೊಂದು ಬಾಗಿಲು ತೆರೆದಿತ್ತು. 1848ರಲ್ಲಿ ಗೆಯೋರ್ಗ್ ಮೆರ್ಕ್ ಎಂಬ ಜರ್ಮನ್ ರಸಾಯನಜ್ಞ ಅಫೀಮಿನಿಂದ ಪಾಪವೆರಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ. ಅದಕ್ಕೆ ಅಮಲಿನ ಗುಣವಿಲ್ಲ. ಸ್ನಾಯುವನ್ನು ಸಡಿಲಿಸುವುದಷ್ಟೇ ಅದರ ಕೆಲಸ. 1982ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಅದನ್ನು ಸೂಜಿಯ ಮೂಲಕ ನೇರವಾಗಿ ಅಂಗಕ್ಕೇ ಕೊಟ್ಟರೆ ಉತ್ಥಾನವಾಗುವುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಷ್ಟೋ ಜನರ ಸಂಸಾರಕ್ಕೆ ಅದರಿಂದ ಬೆಳಕು ಬಂದಿತು. ಆದರೆ ಅಳತೆ ತಪ್ಪಿದರೆ ಉತ್ಥಾನ ಇಳಿಯದು. ನಾಲ್ಕು ಗಂಟೆ ದಾಟಿದರೆ ಅಂಗಕ್ಕೇ ಶಾಶ್ವತ ಹಾನಿಯಾದೀತು. ಅದೇ ಗಿಡದ ಬೀಜವಾದ ಗಸಗಸೆಯ ಪಾಯಸವನ್ನು ಎಷ್ಟು ಬಟ್ಟಲು ಕುಡಿದರೂ ಈ ಫಲ ದೊರೆಯದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಇನ್ನು ಆಡಿನ ಸೊಪ್ಪಿನ ಸಂಗತಿ. ಅದರಲ್ಲಿರುವ ಇಕಾರಿನ್ ಎಂಬ ವಸ್ತು ಮೇಲೆ ಹೇಳಿದ ಕಿಣ್ವವನ್ನು ತಡೆಯುವುದು ನಿಜ. ಚೀನದ ಕಥೆ ಕೇವಲ ಕಥೆಯಾಗಿರಲಿಲ್ಲ. ಆದರೆ 2008ರಲ್ಲಿ ಇಟಲಿಯ ಸಂಶೋಧಕರು ಅಳೆದು ನೋಡಿದಾಗ ಅದು ಸಿಲ್ಡೆನಾಫಿಲ್ಲಿಗಿಂತ ಸುಮಾರು 80 ಪಾಲು ದುರ್ಬಲವೆಂದು ಕಂಡಿತು. ಅಣುವಿನ ರಚನೆಯನ್ನು ತಿದ್ದಿದ ಮೇಲೆ ಅದು ಗುಳಿಗೆಗೆ ಸರಿಸಮನಾಯಿತು. ಆದರೆ ಅದು ಪ್ರಯೋಗಶಾಲೆಯ ನಳಿಗೆಯಲ್ಲಿ. ಆಫ್ರಿಕದ ಮರದ ತೊಗಟೆಯಿಂದ ಬರುವ ಯೊಹಿಂಬಿನ್ ಕೆಲವರಿಗೆ ಅಲ್ಪಸ್ವಲ್ಪ ಗುಣ ಕೊಟ್ಟರೂ ರಕ್ತದೊತ್ತಡವನ್ನು ಏರಿಸುತ್ತದೆ.

ಹಾಗಾದರೆ ‘ಶುದ್ಧ ಮೂಲಿಕೆ’ ಎಂದು ಬರೆದ ಪೊಟ್ಟಣವೊಂದು ಒಂದೇ ಗಂಟೆಯಲ್ಲಿ ಪವಾಡ ತೋರಿಸುವುದು ಹೇಗೆ? ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು ಇಂಥ ಪೊಟ್ಟಣಗಳನ್ನು ಪರೀಕ್ಷಿಸಿದಾಗ, ಸೊಪ್ಪಿನ ಪುಡಿಯೊಳಗೆ ಗುಟ್ಟಾಗಿ ಬೆರೆಸಿದ ಸಿಲ್ಡೆನಾಫಿಲ್ ಮತ್ತೆ ಮತ್ತೆ ಸಿಕ್ಕಿದೆ. ಇದು ಬರಿಯ ಮೋಸವಾಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಾಗಿತ್ತು. ಎದೆನೋವಿಗೆ ನಾಲಗೆಯಡಿಯಲ್ಲಿ ನೈಟ್ರೇಟ್ ಗುಳಿಗೆ ಇಟ್ಟುಕೊಳ್ಳುವ ಹೃದ್ರೋಗಿಗೆ ಸಿಲ್ಡೆನಾಫಿಲ್ ಕಟ್ಟುನಿಟ್ಟಾಗಿ ನಿಷಿದ್ಧ. ಎರಡೂ ಸೇರಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಪ್ರಾಣವೇ ಹೋಗಬಹುದು. ವೈದ್ಯರ ಮುಂದೆ ನಾಚಿ, ‘ಸೊಪ್ಪಲ್ಲವೇ, ಏನಾದೀತು’ ಎಂದು ಪುಡಿಯನ್ನು ನುಂಗಿದವನಿಗೆ ತಾನು ಏನನ್ನು ನುಂಗಿದೆನೆಂಬುದೇ ತಿಳಿದಿರುವುದಿಲ್ಲ. ಆಸ್ಪತ್ರೆಗೆ ಕರೆತಂದ ಹೆಂಡತಿಗೂ ತಿಳಿದಿರುವುದಿಲ್ಲ.

ಈ ನಾಚಿಕೆಗೆ ಇನ್ನೊಂದು ಬೆಲೆಯೂ ಉಂಟು. ಆ ಅಂಗದ ರಕ್ತನಾಳಗಳ ಅಗಲ 1ರಿಂದ 2 ಮಿಲಿಮೀಟರ್. ಹೃದಯಕ್ಕೆ ರಕ್ತವನ್ನುಣಿಸುವ ನಾಳಗಳದು 3ರಿಂದ 4. ಸಕ್ಕರೆ ಕಾಯಿಲೆ, ಹೊಗೆಬತ್ತಿ, ಕೊಬ್ಬು ಇವೆಲ್ಲ ನಾಳಗಳನ್ನು ಕಟ್ಟತೊಡಗಿದಾಗ ಕಿರಿದಾದದ್ದು ಮೊದಲು ಸೊರಗುತ್ತದೆ. ನಲವತ್ತೈದು ವರ್ಷದ ಗೃಹಸ್ಥನೊಬ್ಬ ಯಾರಿಗೂ ಹೇಳದೆ ಮುಚ್ಚಿಟ್ಟ ಈ ದೌರ್ಬಲ್ಯ, ಎಷ್ಟೋ ವೇಳೆ, ಎರಡು ಮೂರು ವರ್ಷಗಳ ಅನಂತರ ಬರಲಿರುವ ಎದೆನೋವಿನ ಮುನ್ಸೂಚನೆಯಾಗಿರುತ್ತದೆ. ಆದ್ದರಿಂದಲೇ ತಿಳಿದ ವೈದ್ಯರು ಇಂಥ ರೋಗಿ ಬಂದೊಡನೆ ಗುಳಿಗೆ ಬರೆಯುವುದಕ್ಕೆ ಮೊದಲು ಅವನ ರಕ್ತದೊತ್ತಡವನ್ನು ನೋಡಿ, ಸಕ್ಕರೆಯ ಪರೀಕ್ಷೆಗೆ ಕಳುಹಿಸುತ್ತಾರೆ.