ಹಳೆಯ ಜಾವಾ: ಒಂದು ಪಾಠಶೋಧನೆ

(ಬಾನುಲಿ ಭಾಷಣದ ಬರಹರೂಪ)

‘ಬೆಳಗಿನ ಜಾವ’ ಎಂಬಲ್ಲಿಯ ‘ಜಾವ’ ಸಂಸ್ಕೃತದ ‘ಯಾಮ’ದ ತದ್ಭವ; ಮೂರು ಗಂಟೆಗಳ ಕಾಲಮಾನ. ನಾನು ಹುಡುಗನಾಗಿದ್ದಾಗ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಆ ಜಾವವನ್ನು ಸಾರುತ್ತಿದ್ದುದು ಕೋಳಿಯಲ್ಲ, ಮತ್ತೊಂದು ಜಾವಾ. ಹಾಲಿನ ಕ್ಯಾನುಗಳನ್ನು ಎರಡು ಮಗ್ಗುಲಿಗೂ ತೂಗುಹಾಕಿಕೊಂಡು ಹಳ್ಳಿಗಳಿಂದ ಬರುತ್ತಿದ್ದವರ ಮೋಟಾರು ಸೈಕಲ್ಲುಗಳ ಸದ್ದು ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಕೇಳಿಬಂದಿತೆಂದರೆ ಅಮ್ಮ ಎದ್ದು ಒಲೆ ಹೊತ್ತಿಸುತ್ತಿದ್ದಳು. ಈ ಜಾವಾ ತದ್ಭವವೂ ಅಲ್ಲ, ಪೂರ್ವಸಮುದ್ರದ ದ್ವೀಪದ ಹೆಸರೂ ಅಲ್ಲ. ಅದೊಂದು ಸಮಾಸ. 1929ರಲ್ಲಿ ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡನು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು.

ಈ ಜೆಕ್ ಸಮಾಸ ಮೈಸೂರಿನ ಮಾತಾದ ಬಗೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ರುಸ್ತುಂ ಇರಾನಿ, ಫರೂಕ್ ಇರಾನಿ ಎಂಬ ಪಾರಸಿ ಉದ್ಯಮಿಗಳು ಜೆಕೊಸ್ಲೊವಾಕಿಯದ ಸಹಕಾರದೊಡನೆ ಇಲ್ಲಿಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1970ರ ದಶಕದ ಆರಂಭದಲ್ಲಿ ಅಲ್ಲಿಯ ಗಾಡಿಗಳು ಯೆಜ್ಡಿ ಎಂಬ ಹೊಸ ಹೆಸರನ್ನು ತಳೆದವು. ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಬೇರೊಂದು ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಮರಳಿತಾದರೂ, ಅದನ್ನು ಹೊತ್ತ ಎಂಜಿನ್ನು ಬೇರೆ ಜಾತಿಯದು. ಈ ಮಾತುಗಳನ್ನು ಧ್ವನಿಮುದ್ರಿಸಲು ನಾನು ಬಂದಿರುವ ಆಕಾಶವಾಣಿಯ ನಿಲಯವೂ ಯಾದವಗಿರಿಯಲ್ಲಿಯೇ ಇದೆ. ಒಂದು ಕಾಲಕ್ಕೆ ಇಲ್ಲಿಂದ ಎರಡು ಬಗೆಯ ಧ್ವನಿಗಳು ನಾಡಿಗೆಲ್ಲ ಹೋಗುತ್ತಿದ್ದವು. ಈಗ ಒಂದು ಮಾತ್ರ ಉಳಿದಿದೆ.

ನಾನು ಯಂತ್ರಶಾಸ್ತ್ರಜ್ಞನಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಅದರಲ್ಲಿಯೂ ಬಹುಕಾಲ ಗ್ರಂಥಸಂಪಾದನಶಾಸ್ತ್ರವನ್ನು ಬೋಧಿಸಿದವನು. ನಮ್ಮ ತಂದೆ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಅವರು 1969ರಲ್ಲಿ ಕೊಂಡ 250 ಸಿ.ಸಿ.ಯ ಜಾವಾ, 1998ರಲ್ಲಿ ಅವರು ತೀರಿಕೊಂಡ ಮೇಲೆ, ಮಹಡಿ ಮೆಟ್ಟಿಲಿನ ಕೆಳಗೆ ಹಳೆಯ ಚಾಪೆ ಹೊದ್ದು ನಿಂತಿತ್ತು. ನಿವೃತ್ತಿಯ ಮರುವರ್ಷ ಆ ಚಾಪೆಯನ್ನು ಸರಿಸಿದೆ. ಕಿಕ್ಕರನ್ನು ತುಳಿದರೆ ಅದು ಕಲ್ಲಿನಂತೆ ನಿಂತಿತು, ಕದಲಲಿಲ್ಲ.

ಇಂಥ ಎಂಜಿನ್ನನ್ನು ಸರಿಪಡಿಸಹೊರಟವನು ಮೊದಲು ಅದರ ವ್ಯಾಕರಣವನ್ನು ತಿಳಿಯಬೇಕು. ಅದು ಕಠಿಣವಲ್ಲ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸಲ ಮೇಲೇರಿ ಎರಡು ಸಲ ಕೆಳಗಿಳಿದಾಗ ಒಮ್ಮೆ ಕಿಡಿ ಹೊತ್ತುತ್ತದೆ. ಜಾವಾದ್ದು ಎರಡು ಹೊಡೆತದ ಎಂಜಿನ್ನು, ಪ್ರತಿಯೊಂದು ಸುತ್ತಿಗೂ ಕಿಡಿ. ಪಿಸ್ಟನ್ನು ಮೇಲೇರುವಾಗ ತನ್ನ ನೆತ್ತಿಯ ಮೇಲಿನ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ತನ್ನ ಕೆಳಗಿರುವ ಕ್ರ್ಯಾಂಕಿನ ಕೋಣೆಗೆ ಕಾರ್ಬ್ಯುರೇಟರಿನಿಂದ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುತ್ತದೆ. ಕಿಡಿ ಹಾರಿ ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಕಿಂಡಿ ತೆರೆಯುತ್ತದೆ. ಮರುಕ್ಷಣವೇ ಇನ್ನೊಂದು ಕಿಂಡಿಯ ಮೂಲಕ ಕೆಳಗಿನ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಸಿಲಿಂಡರು ಒಂದೇ, ಹೊಗೆಕೊಳವೆಗಳು ಮಾತ್ರ ಎರಡು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಲೆಕ್ಕ ಹಾಕಿದರೆ 249 ಘನ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಮೆ. ಇದನ್ನೇ ನಾವು ‘ಇನ್ನೂರೈವತ್ತು’ ಎನ್ನುವುದು.

ಈ ಒಂದು ಸಂಗತಿ ತಿಳಿದರೆ ಮಿಕ್ಕ ಲಕ್ಷಣಗಳೆಲ್ಲ ತಾವಾಗಿಯೇ ಹಿಂಬಾಲಿಸುತ್ತವೆ. ಕ್ರ್ಯಾಂಕಿನ ಕೋಣೆಯೇ ಇಂಧನದ ಹಾದಿಯಾದುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ಆದುದರಿಂದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ನಾನು ಲೀಟರಿಗೆ 40 ಮಿಲಿಲೀಟರಿನ ಲೆಕ್ಕದಲ್ಲಿ ಬೆರೆಸುತ್ತೇನೆ. ಆ ಕೋಣೆ ಗಾಳಿಯಾಡದಂತಿರಬೇಕು. ಆದುದರಿಂದ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳೆಂಬ ರಬ್ಬರಿನ ಬಳೆಗಳು ಪ್ರಾಣಪ್ರಾಯವಾದವು. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಅವು ಹಪ್ಪಳದಂತಾಗಿರುತ್ತವೆ. ಎಡಗಡೆಯದು ಹೋದರೆ ಗೇರುಪೆಟ್ಟಿಗೆಯ ಎಣ್ಣೆ ಒಳಕ್ಕೆ ಸೇದಿಹೋಗಿ ಬೀದಿ ತುಂಬ ಬಿಳಿಹೊಗೆ. ಬಲಗಡೆಯದು ಹೋದರೆ ಬೇಡದ ಗಾಳಿ ಸೇರಿ, ಮಿಶ್ರಣ ತೆಳುವಾಗಿ, ಎಂಜಿನ್ನು ಕಾದು ಬಿಗಿಯುತ್ತದೆ. ಹೊಗೆ ಕಂಡೊಡನೆ ಕಾರ್ಬ್ಯುರೇಟರನ್ನು ತಿರುಚುತ್ತ ಕೂರುವವರು ಕಾರಣವನ್ನು ಬಿಟ್ಟು ಕಾರ್ಯಕ್ಕೆ ಮದ್ದು ಅರೆಯುವವರು.

ನಮ್ಮ ಗಾಡಿ ಬಿಗಿದುದಕ್ಕೆ ಕಾರಣ ಬೇರೆ. ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯುಮಿನಿಯಂ. ತೆರೆದ ಕಿಂಡಿಯ ಮೂಲಕ ಮಳೆಗಾಲಗಳ ತೇವ ಒಳಸೇರಿ, ಕಬ್ಬಿಣ ತುಕ್ಕು ಹಿಡಿದು, ಪಿಸ್ಟನ್ನಿನ ಉಂಗುರಗಳನ್ನು ಕಚ್ಚಿಕೊಂಡಿತ್ತು. ನಾನು ಸುತ್ತಿಗೆಯನ್ನೂ ಮರದ ತುಂಡನ್ನೂ ಎತ್ತಿಕೊಂಡೆ. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದು ಈಗ ನಮ್ಮ ಬಡಾವಣೆಯಲ್ಲಿಯೇ ನೆಲೆಸಿರುವ ಹಿರಿಯರೊಬ್ಬರು ಅದೇ ಸಮಯಕ್ಕೆ ಬಂದರು.

“ಸುತ್ತಿಗೆ ಒಳಗಿಡಿ ಮೇಷ್ಟ್ರೇ,” ಎಂದರು. “ಇವತ್ತು ಎಣ್ಣೆ ಬಿಡಿ. ನಾಳೆ ನೋಡೋಣ.”

“ನಾಳೆಯೂ ಬಾರದಿದ್ದರೆ?”

“ನಾಡಿದ್ದು ನೋಡೋಣ. ಅದಕ್ಕೇನು ಅವಸರ, ನಿಮಗೇನು ಅವಸರ?”

ಡೀಸೆಲ್ಲಿಗೆ ತೆಳು ಎಣ್ಣೆ ಬೆರೆಸಿ, ಕಿಡಿಬತ್ತಿಯ ರಂಧ್ರದಿಂದ ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆ. ಒಂಬತ್ತನೆಯ ದಿನ ಬೆಳಗ್ಗೆ ಕಿಕ್ಕರು ಕೈಯಲ್ಲಿಯೇ ಅಂಗುಲದಷ್ಟು ಇಳಿಯಿತು. ಹೊಡೆದಿದ್ದರೆ ಏನಾಗುತ್ತಿತ್ತೆಂಬುದು ಬಿಚ್ಚಿದಾಗ ತಿಳಿಯಿತು. ಉಂಗುರಗಳ ತುದಿಗಳು ಕಿಂಡಿಗಳಿಗೆ ಸಿಕ್ಕಿಕೊಳ್ಳದಿರಲೆಂದು ಪಿಸ್ಟನ್ನಿನ ಗಾಡಿಯಲ್ಲಿ ಸಣ್ಣ ಮೊಳೆಗಳಿರುತ್ತವೆ. ಅವು ಮುರಿದು ಸಿಲಿಂಡರನ್ನು ಗೀಚಿಬಿಡುತ್ತಿದ್ದವು.

ಹೀಗೆ ಬಿಚ್ಚುತ್ತ ಹೋದಂತೆ, ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠವೇ ನನ್ನೆದುರು ಗ್ರೀಸು ಬಳಿದುಕೊಂಡು ಕುಳಿತಂತೆ ಭಾಸವಾಯಿತು. ಓಲೆಗರಿಯ ಪ್ರತಿಯೊಂದು ಕೈಗೆ ಬಂದರೆ ಸಂಪಾದಕನು ಮೊದಲು ಇದ್ದುದನ್ನು ಇದ್ದಂತೆ ನಕಲು ಮಾಡಿಕೊಳ್ಳುತ್ತಾನೆ; ಆಮೇಲೆ ತಪ್ಪು ಯಾವುದು, ಒಪ್ಪು ಯಾವುದು ಎಂಬ ವಿಚಾರ. ಎರಡು ಪಾಠಗಳಲ್ಲಿ ಒಂದು ಸುಲಭವಾಗಿ ಇನ್ನೊಂದು ಕ್ಲಿಷ್ಟವಾಗಿದ್ದರೆ, ಕ್ಲಿಷ್ಟಪಾಠವನ್ನು ಅವಸರದಲ್ಲಿ ತಳ್ಳಬಾರದೆಂಬುದು ನಮ್ಮ ಶಾಸ್ತ್ರದ ಸೂತ್ರ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು ಇದನ್ನೆಲ್ಲ ನಾನು ಎಷ್ಟು ವರ್ಷ ಹೇಳಿದ್ದೆನೋ!

ಒಂದು ನಿದರ್ಶನ ಕೊಡುತ್ತೇನೆ. ಜಾವಾದಲ್ಲಿ ಗೇರಿನ ಸನ್ನೆಯೂ ಕಿಕ್ಕರೂ ಒಂದೇ. ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರಾಗುತ್ತದೆ. ಗೇರನ್ನು ತುಳಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ. ಈ ಸನ್ನೆಯ ಬುಡದಲ್ಲಿ ಯಾವುದೋ ಡಬ್ಬಿಯ ತಗಡನ್ನು ಕತ್ತರಿಸಿ ಮಾಡಿದ ಒಂದು ವಾಷರು ಸಿಕ್ಕಿತು. ಬಿಡಿಭಾಗಗಳ ಪಟ್ಟಿಯಲ್ಲಿ ಅಂಥದೊಂದು ಇಲ್ಲ. ಯಾರೋ ಮೆಕ್ಯಾನಿಕ್ಕಿನ ಪ್ರಕ್ಷೇಪವೆಂದು ಅದನ್ನು ಕಿತ್ತೊಗೆದು ಜೋಡಿಸಿದೆ. ಸನ್ನೆ ಓಲಾಡತೊಡಗಿತು; ಕ್ಲಚ್ಚು ಅರೆಬರೆಯಾಗಿ ಬಿಟ್ಟಿತು. ದಂಡ ಸವೆದಿದ್ದುದನ್ನು ಕಂಡು, ಆ ಸವಕಳಿಯಷ್ಟೇ ದಪ್ಪದ ತಗಡನ್ನು ಯಾರೋ ಬುದ್ಧಿವಂತರು ತುಂಬಿದ್ದರು. ಅದು ಪ್ರಕ್ಷೇಪವಲ್ಲ, ಸಾಧುಪಾಠ. ಕಸದ ಬುಟ್ಟಿಯಲ್ಲಿ ಹುಡುಕಿ, ತೊಳೆದು, ಮತ್ತೆ ಅದೇ ಸ್ಥಾನದಲ್ಲಿ ಇಟ್ಟೆ.

ಟ್ಯಾಂಕಿನ ವಿಷಯದಲ್ಲಿ ಎರಡು ಎಚ್ಚರಿಕೆಯ ಮಾತುಗಳು. ಒಳಗಿನ ತುಕ್ಕಿಗೆ ನಾನು ಬಳಸಿದ್ದು ಹಿತ್ತಾಳೆಯ ಪಾತ್ರೆಗೆ ನಮ್ಮ ಮನೆಗಳಲ್ಲಿ ಬಳಸುವ ಹುಣಸೆಹಣ್ಣಿನ ರಸವನ್ನೇ. ಗಟ್ಟಿಯಾಗಿ ಕದಡಿ, ತುಂಬಿ, ಹಲವು ದಿನ ಬಿಟ್ಟು, ಸೋಡಾ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ತಡಮಾಡಿದರೆ ಮರುದಿನವೇ ಹೊಸ ತುಕ್ಕು. ತೂತು ಬಿದ್ದಿದ್ದರೆ ಮನೆಯಲ್ಲಿ ಬೆಸುಗೆಯ ಪ್ರಯತ್ನ ಸಲ್ಲದು. ಪೆಟ್ರೋಲು ಚೆಲ್ಲಿದ ಮೇಲೂ ಟ್ಯಾಂಕಿನಲ್ಲಿ ಅದರ ಆವಿ ನಿಂತಿರುತ್ತದೆ. ಅದು ಸಿಡಿಮದ್ದಿಗೆ ಸಮಾನ. ಇಂದಿನ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುವುದರಿಂದ ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದುಮಾಡಿ ಇಡುವುದು ಲೇಸು. ಬ್ರೇಕಿನ ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅಲ್ಲಿಯ ಧೂಳನ್ನು ಬಾಯಿಂದ ಊದಬಾರದು; ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನು ನನ್ನ ಅಪರಾಧದ ಕಥೆ. ಹೇಳದೆ ಬಿಡಬಹುದಾಗಿತ್ತು, ಹೇಳದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ.

ಜಾವಾದ ಮುಂದಿನ ಚಕ್ರದ ಮಡ್‌ಗಾರ್ಡಿನ ಮೇಲೆ ಉದ್ದಕ್ಕೆ ನಿಂತ ಒಂದು ಸಂಖ್ಯಾಫಲಕವಿರುತ್ತದೆ. ಹಿಂದಿನ ಫಲಕದಲ್ಲಿ ಕಾನೂನಿನಂತೆ ಇಂಗ್ಲಿಷಿನ ಸಂಖ್ಯೆಯಿದ್ದರೆ, ಮುಂದಿನದರಲ್ಲಿ ನಮ್ಮ ತಂದೆ ಹಳೆಯ ಮೈಸೂರು ರಾಜ್ಯದ ‘ಎಂ.ವೈ.’ ಎಂಬ ಗುರುತನ್ನೂ ಗಾಡಿಯ ಸಂಖ್ಯೆಯನ್ನೂ ಕನ್ನಡ ಅಕ್ಷರ, ಕನ್ನಡ ಅಂಕಿಗಳಲ್ಲಿ ತಮ್ಮ ಕೈಯಿಂದಲೇ ಬರೆದಿದ್ದರು. ಸಣ್ಣ ಕುಂಚ, ಬಿಳಿಯ ಬಣ್ಣ. ಅವರ ಏಳರ ಅಂಕಿಗೆ ಒಂದು ವಿಶೇಷವಾದ ಬಾಗು ಇತ್ತು. ಶಾಲೆಯ ಕಪ್ಪುಹಲಗೆಯ ಮೇಲೂ ಅದೇ ಬಾಗು. ಅಕ್ಷರ ಮಸುಕಾಗಿತ್ತು, ಓದಲು ಬರುತ್ತಿತ್ತು.

ಎಂಜಿನ್ನು ಸರಿಹೋದ ಉತ್ಸಾಹದಲ್ಲಿ ಟ್ಯಾಂಕನ್ನೂ ಮಡ್‌ಗಾರ್ಡುಗಳನ್ನೂ ಬಣ್ಣದ ಅಂಗಡಿಗೆ ಕೊಟ್ಟೆ. “ಹೇಗಿರಬೇಕು ಸಾರ್?” ಎಂದು ಹುಡುಗ ಕೇಳಿದ. “ಹೊಸದರಂತಾಗಲಿ” ಎಂದೆ. ಅವನು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ. ವಾರ ಕಳೆದು ಹೋದಾಗ ಮಡ್‌ಗಾರ್ಡು ಕನ್ನಡಿಯಂತೆ ಹೊಳೆಯುತ್ತಿತ್ತು, ಫಲಕವೂ ಹೊಳೆಯುತ್ತಿತ್ತು. ಟ್ಯಾಂಕಿನ ಅಂಚಿನಲ್ಲಿ ಕೈಯಿಂದ ಎಳೆದಿದ್ದ ಚಿನ್ನದ ಬಣ್ಣದ ಗೆರೆಯೂ ಹೋಗಿತ್ತು. ಮರಳುಕಾಗದ ಎಲ್ಲವನ್ನೂ ಸಮನಾಗಿ ಉಜ್ಜಿತ್ತು. ಹುಡುಗನದೇನೂ ತಪ್ಪಿಲ್ಲ. ಗೆರೆಯನ್ನು ಮತ್ತೆ ಎಳೆಸಬಹುದು. ಸಂಖ್ಯೆ ನೋಂದಣಿ ಪತ್ರದಲ್ಲಿದೆ. ಆದರೆ ಆ ಏಳರ ಬಾಗು ಯಾವ ಪತ್ರದಲ್ಲಿಯೂ ಇಲ್ಲ. ಮನೆಯಲ್ಲಿರುವ ಭಾವಚಿತ್ರಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದೆ. ಗಾಡಿಯ ಪಕ್ಕದಲ್ಲಿ ನಿಂತ ತಂದೆ ಇದ್ದಾರೆ, ಫಲಕಕ್ಕೆ ಅಡ್ಡವಾಗಿ ನಿಂತ ನಾನೂ ಇದ್ದೇನೆ. ಮೂವತ್ತು ವರ್ಷ ‘ಮೊದಲು ನಕಲು ಮಾಡಿಕೊಳ್ಳಿ, ಆಮೇಲೆ ತಿದ್ದಿ’ ಎಂದು ವಿದ್ಯಾರ್ಥಿಗಳಿಗೆ ಹೇಳಿದವನು ನಾನೇ.

ಆದುದರಿಂದ, ಹಳೆಯ ಯಂತ್ರವನ್ನು ‘ಸರಿಪಡಿಸುವುದು’ ಎಂದರೇನು ಎಂಬ ಪ್ರಶ್ನೆ ನನಗೆ ಬರಿಯ ತರ್ಕದ್ದಲ್ಲ. ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ಮರಳಿಸುವುದು ಒಂದು ಪಕ್ಷ. ಓಡಲು ಬೇಕಾದಷ್ಟನ್ನು ಮಾತ್ರ ಸರಿಮಾಡಿ, ಕಾಲ ಬರೆದುದನ್ನು ಹಾಗೆಯೇ ಬಿಡುವುದು ಇನ್ನೊಂದು. ಸೀಲು, ಉಂಗುರ, ತಂತಿ, ಬ್ರೇಕು ಇವುಗಳಲ್ಲಿ ರಾಜಿ ಸಲ್ಲದು, ಪ್ರಾಣದ ಪ್ರಶ್ನೆ. ಅವು ಹೊಸವೇ ಆಗಬೇಕು. ಮೈಬಣ್ಣದ ವಿಷಯದಲ್ಲಿ ಮಾತ್ರ ನಾನೀಗ ಎರಡನೆಯ ಪಕ್ಷದವನು. ಮೊದಲನೆಯ ಪಕ್ಷಕ್ಕೆ ಇನ್ನೊಂದು ದೋಷವುಂಟು. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೆ ಅಸಲಿ ಬಿಡಿಭಾಗಗಳು ದೊರೆಯುವುದು ಹೆಚ್ಚಾಗಿ ಇನ್ನೊಂದು ಗಾಡಿಯ ಒಡಲಿನಿಂದ. ಒಂದನ್ನು ಪರಿಪೂರ್ಣಗೊಳಿಸಲು ಮತ್ತೊಂದನ್ನು ಬಿಚ್ಚುವುದು, ಒಂದು ಹಸ್ತಪ್ರತಿಯ ಗರಿಗಳನ್ನು ಕಿತ್ತು ಇನ್ನೊಂದಕ್ಕೆ ಹೊಲಿದಂತೆ.

ತಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಜಾವಾವೋ ಯೆಜ್ಡಿಯೋ, ತೋಟದ ಮನೆಯಲ್ಲಿ ತಾತನ ಕಾಲದ ಟ್ರಾಕ್ಟರೋ, ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ನೋ ಚಾಪೆ ಹೊದ್ದು ನಿಂತಿರಬಹುದು. ಅದನ್ನು ಮುಟ್ಟುವ ಮುನ್ನ ಸ್ಪ್ಯಾನರಿಗಿಂತ ಮೊದಲು ಒಂದು ನೋಟುಪುಸ್ತಕ ಕೊಳ್ಳಿ. ಮೈಯ ನಾಲ್ಕು ಕಡೆಯ ಚಿತ್ರ ತೆಗೆದಿಡಿ. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ, ಎಲ್ಲಿಯದೆಂದು ಬರೆದ ಚೀಟಿಯೊಡನೆ, ಬೇರೆ ಬೇರೆ ಡಬ್ಬಿಗಳಲ್ಲಿಡಿ. ಗೀಚು, ತಗ್ಗು, ತೇಪೆ, ಬರಹ ಯಾವುದನ್ನೂ ಅಳಿಸುವ ಮುನ್ನ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಅದರ ಹಿಂದಿನ ಕಥೆ ಅವರಿಗೆ ತಿಳಿದಿರುತ್ತದೆ.

ನಮ್ಮ ಗಾಡಿ ಈಗ ಓಡುತ್ತದೆ. ಭಾನುವಾರಗಳಂದು ಅಗ್ನಿಶಾಮಕ ಠಾಣೆಯ ಮುಂದಿನಿಂದ ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿ ಬರುತ್ತೇನೆ. ಮುಂದಿನ ಫಲಕದ ಮೇಲೆ ಕನ್ನಡದಲ್ಲಿ ಬರೆಯಿಸಿ ಎಂದು ಮಗಳು ಹೇಳುತ್ತಾಳೆ. ಕಾರ್ಖಾನೆಯ ಹಿರಿಯರೂ ಹೇಳುತ್ತಾರೆ. ಎರಡು ಸಲ ಕುಂಚ ಹಿಡಿದು ಕೂತೆ. ಶಾಸನಗಳನ್ನು ಅಚ್ಚು ಮಾಡುವಾಗ ಕಲ್ಲು ಸವೆದು ಅಕ್ಷರ ಅಳಿದ ಎಡೆಯಲ್ಲಿ ಸಂಪಾದಕರು ತಾವು ಊಹಿಸಿದ್ದನ್ನು ಮೂಲವೆಂಬಂತೆ ಬರೆಯುವುದಿಲ್ಲ. ಚುಕ್ಕೆಗಳನ್ನು ಇಟ್ಟು ಮುಂದೆ ಹೋಗುತ್ತಾರೆ. ನಮ್ಮ ಜಾವಾದ ಆ ಫಲಕವನ್ನು ನಾನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.