ಕೊಲ್ಲಿಯ ಹಣ, ಕಾಲೇಜಿನ ಹಾಜರಿ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹಾಗೂ ಭಟ್ಕಳದ ಕಾಲೇಜುಗಳಲ್ಲಿ ತಂದೆ ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿಯುತ್ತಿರುವ ವಿದ್ಯಾರ್ಥಿಗಳು ಅಪರೂಪವಲ್ಲ. ಅವರ ಅಂಕ ಕುಸಿದರೆ ಊರಿನ ವಿವರಣೆ ಸಿದ್ಧವಾಗಿರುತ್ತದೆ: ಅಪ್ಪನ ಹಣ ಬರುತ್ತದೆ, ಓದುವ ಹಟ ಎಲ್ಲಿಂದ ಬರಬೇಕು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ.

ಹೊರನಾಡುಗಳಲ್ಲಿ ದುಡಿಯುವವರು 2022ರಲ್ಲಿ ಭಾರತಕ್ಕೆ ಕಳುಹಿಸಿದ ಹಣ 10,000 ಕೋಟಿ ಡಾಲರ್ ದಾಟಿತೆಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ಆ ಹಣಕ್ಕೆ ಲೆಕ್ಕವಿದೆ. ಮನೆಯೊಳಗೆ ಇಲ್ಲವಾದ ದುಡಿಮೆಗೆ ಲೆಕ್ಕವಿಲ್ಲ. ತಂದೆ ಮಾಡಬೇಕಿದ್ದ ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಓಡಾಟ ಹಿರಿಯ ಮಗನ ಹೆಗಲೇರುತ್ತದೆ. ಮಗಳಾದರೆ ಅಜ್ಜಿಯ ಶುಶ್ರೂಷೆ, ತಮ್ಮಂದಿರ ಪಾಠ. ಪಹಣಿಗಾಗಿ ತರಗತಿ ತಪ್ಪಿಸಿ ತಾಲ್ಲೂಕು ಕಚೇರಿಯಲ್ಲಿ ಕಾದು ನಿಂತ ಇಂಥ ಹುಡುಗರನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಹಾಜರಿ ಶೇ 75ಕ್ಕಿಂತ ಕೆಳಗಿಳಿಯಲು ಸೋಮಾರಿತನವೇ ಬೇಕೆಂದಿಲ್ಲ.

ಕುಟುಂಬವನ್ನು ಜತೆಗೊಯ್ಯಬಾರದೇ ಎಂದು ಕೇಳುವುದು ಸುಲಭ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರ ನಿಯಮದಂತೆ ಅದಕ್ಕೆ ತಿಂಗಳಿಗೆ 4,000 ದಿರ್ಹಂ, ವಸತಿ ಸೌಲಭ್ಯವಿದ್ದರೆ 3,000 ದಿರ್ಹಂ ಸಂಬಳವಿರಬೇಕು. ಅಂಗಡಿಯ ಸಹಾಯಕನಿಗೆ, ಚಾಲಕನಿಗೆ ಅದೂ ಎಟುಕದಿರಬಹುದು. ಸೌದಿ ಅರೇಬಿಯ 2017ರಲ್ಲಿ ಪ್ರತಿ ಅವಲಂಬಿತ ವ್ಯಕ್ತಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷವರ್ಷ ಏರಿಸಿ 2020ಕ್ಕೆ 400ಕ್ಕೆ ಮುಟ್ಟಿಸಿತು. ಹೆಂಡತಿ, ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್! ತಂದೆಯನ್ನು ಅಲ್ಲೇ ಬಿಟ್ಟು ಮರಳಿದ ಮಕ್ಕಳು, ಸಿಬಿಎಸ್‌ಇ ಪಠ್ಯದಿಂದ ನಮ್ಮ ಪಿಯುಸಿಗೆ, ಅರಿಯದ ಊರಿಗೆ ಒಮ್ಮೆಲೇ ಬಂದಿಳಿದರು.

ಹಾಗೆಂದು ಇವರೆಲ್ಲ ಹಿಂದುಳಿಯುತ್ತಾರೆ ಎನ್ನಲಾಗದು. ಶುಲ್ಕದ ಚಿಂತೆಯಿಲ್ಲದೆ ಚೆನ್ನಾಗಿ ಓದುವವರೂ ಇದ್ದಾರೆ. ಅಂಥ ಮನೆಗಳಲ್ಲಿ ವ್ಯವಹಾರ ಬಲ್ಲ ತಾಯಿಯೋ ಮಾವನೋ ಇರುವುದನ್ನು ಗಮನಿಸಿದ್ದೇನೆ. ಅಳಿಯಸಂತಾನದ ಪರಂಪರೆಯಿದ್ದ ಕರಾವಳಿಯಲ್ಲಿ ಸೋದರಮಾವ ಮಕ್ಕಳ ಹೊಣೆ ಹೊರುವುದು ಹೊಸತೂ ಅಲ್ಲ.

ಆದರೆ ಕಾಲೇಜುಗಳು ಇಂದಿಗೂ ‘ತಂದೆಯನ್ನು ಕರೆದುಕೊಂಡು ಬಾ’ ಎನ್ನುತ್ತವೆ. ವರ್ಷಕ್ಕೋ ಎರಡು ವರ್ಷಕ್ಕೋ ರಜೆ ಸಿಗುವವನು ಕಿರುಪರೀಕ್ಷೆಯ ಅಂಕ ನೋಡಲು ಬರುವನೇ? ಪ್ರವೇಶ ಅರ್ಜಿಯಲ್ಲೇ ಊರಿನಲ್ಲಿರುವ ಪೋಷಕರ ಹೆಸರು, ದೂರವಾಣಿ ಸಂಖ್ಯೆ ಪಡೆದು ಅವರ ಸಹಿಯನ್ನೂ ಮಾನ್ಯ ಮಾಡಲಿ. ಹಾಜರಿ ಕುಸಿದ ಮೊದಲ ತಿಂಗಳಲ್ಲೇ ಅವರನ್ನು ಕರೆಯಲಿ. ತಂದೆಯೊಡನೆ ಮಾತನಾಡಲು ವಿಡಿಯೊ ಕರೆ ಸಾಕು: ಇಲ್ಲಿ ರಾತ್ರಿ ಒಂಬತ್ತಾದಾಗ ರಿಯಾದ್‌ನಲ್ಲಿ ಸಂಜೆ ಆರೂವರೆ.