ಶೃಂಗೇರಿಯಲ್ಲಿ ಏಕೆ, ಶಿವನಿಯಲ್ಲಿ ಏಕಿಲ್ಲ?

ಹಿಂಸೆಯನ್ನು ಹಾದಿಯಾಗಿ ಆರಿಸಿಕೊಂಡ ಚಳವಳಿಗಳ ಬಗ್ಗೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಅವು ಏಕೆ ಹುಟ್ಟುತ್ತವೆ ಎಂಬುದು. ಸಂಶೋಧಕರಿಗೆ ಅಷ್ಟೇ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಅವು ಎಲ್ಲಿ ಹುಟ್ಟುವುದಿಲ್ಲ? ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಬಹುದು. ಶೃಂಗೇರಿ, ಕೊಪ್ಪ, ಮೂಡಿಗೆರೆ ಸೀಮೆಯ ಕಾಡಂಚಿನಲ್ಲಿ ನಕ್ಸಲ್ ತಂಡಗಳು ಎರಡು ದಶಕಕ್ಕೂ ಹೆಚ್ಚು ಕಾಲ ಓಡಾಡಿದವು. ಅದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಬೀರೂರು–ಚಿಕ್ಕಜಾಜೂರು ರೈಲುಮಾರ್ಗದ ಮೇಲಿರುವ ಶಿವನಿ ಮತ್ತು ಸುತ್ತಲಿನ ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯ ಬಯಲಲ್ಲಿ ಅವು ಬೇರೂರಲಿಲ್ಲ. ಜಿಲ್ಲಾಧಿಕಾರಿ ಒಬ್ಬರೇ, ಕಾನೂನು ಒಂದೇ. ಬಡತನ ಬಯಲಿನಲ್ಲೇನೂ ಕಡಿಮೆ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಈರುಳ್ಳಿ ಬೆಳೆದವರ ಗತಿ, ಕೊಳವೆಬಾವಿ ಬತ್ತಿದಾಗ ಅಡಿಕೆ, ತೆಂಗಿನ ತೋಟದವರ ಗತಿ ಅಲ್ಲಿನವರಿಗೆಲ್ಲ ಗೊತ್ತು. ಹಾಗಾದರೆ ಬಡತನವೇ ಬಂದೂಕು ಹಿಡಿಸುತ್ತದೆ ಎಂಬ ಸುಲಭದ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಎರಡು ಸೀಮೆಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಕಾಡು ಮತ್ತು ಕಾಡಿನ ಮೇಲಿನ ಹಕ್ಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟದ್ದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಚಾಚಿಕೊಂಡ ಸುಮಾರು 600 ಚದರ ಕಿಲೋಮೀಟರ್ ಪ್ರದೇಶದೊಳಗೆ ತಲೆಮಾರುಗಳಿಂದ ಬದುಕಿದ ಮಲೆಕುಡಿಯರು, ಗೌಡಲು ಜನ, ಸಣ್ಣ ಗದ್ದೆ ತೋಟಗಳ ರೈತರು ಇದ್ದರು. ಅನೇಕರ ಕೈಯಲ್ಲಿ ಹಕ್ಕುಪತ್ರ ಇರಲಿಲ್ಲ. ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಮನೆಮನೆಗೆ ಹೊಕ್ಕಿತು. ಅದೇ ಕಾಡಿನ ನಡುವೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆ ಮಾತ್ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಲ್ಲುವವರೆಗೂ ನಡೆದೇ ಇತ್ತು. ಸೊಪ್ಪು ತರಲು ಹೋದವನನ್ನು ತಡೆಯುವ ಸರ್ಕಾರ ಬೆಟ್ಟವನ್ನೇ ಅಗೆಯುವವರಿಗೆ ದಾರಿ ಬಿಟ್ಟಿದೆ ಎಂದು ಊರವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಮಾವೋವಾದಿ ಸಂಘಟಕರು ಬಂದು ಮಾತನಾಡಿದ್ದು ಈ ಅಸಮಾಧಾನದ ಜೊತೆ. ದಟ್ಟ ಕಾಡಿನ ಮರೆಯೂ ಅವರಿಗೆ ಒದಗಿತು. ಶಿವನಿ ಸೀಮೆಯ ರೈತನಿಗೂ ಸರ್ಕಾರದ ಮೇಲೆ ಸಿಟ್ಟು ಇದ್ದಿರಬಹುದು. ಆದರೆ ಇದ್ದ ಊರನ್ನೇ ಕಾಡಿನ ಗಡಿಯೊಳಗೆ ಎಳೆದುಕೊಂಡ ಅಧಿಸೂಚನೆ ಅವನ ತಲೆಯ ಮೇಲೆ ತೂಗುತ್ತಿರಲಿಲ್ಲ.

ಅಮೆರಿಕದ ವಿದ್ವಾಂಸೆ ಮಾರ್ಥಾ ಕ್ರೆನ್‌ಶಾ 1981ರಲ್ಲಿ ಬರೆದ ಪ್ರಬಂಧದಲ್ಲಿ ದೀರ್ಘಕಾಲದ ಹಿನ್ನೆಲೆ ಕಾರಣಗಳನ್ನೂ ಕಿಡಿ ಹೊತ್ತಿಸುವ ತಕ್ಷಣದ ಘಟನೆಗಳನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂದು ತೋರಿಸಿದರು. ಮಲೆನಾಡಿಗೆ ಈ ವಿಂಗಡಣೆ ಚೆನ್ನಾಗಿ ಹೊಂದುತ್ತದೆ. ಭೂಮಿಯ ಅಭದ್ರತೆ ಹಿನ್ನೆಲೆ. ಆಮೇಲೆ ಒಂದರ ಬೆನ್ನಿಗೆ ಒಂದು ಸಾವು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. 2005ರ ಫೆಬ್ರುವರಿ 6ರಂದು ಮಾವೋವಾದಿ ನಾಯಕ ಸಾಕೇತ್ ರಾಜನ್ ಹತರಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆದು ಪೊಲೀಸರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಕಾರ್ಕಳವನ್ನು ನೆಲೆಯಾಗಿಸಿಕೊಂಡು ನಕ್ಸಲ್ ನಿಗ್ರಹ ಪಡೆ ರಚನೆಯಾಯಿತು. ಭೂಮಿಯ ಪ್ರಶ್ನೆ ಹಿಂದೆ ಸರಿದು ಸೇಡು ಮುಂದೆ ಬಂತು. ಒಮ್ಮೆ ಆರಂಭವಾದ ಹಿಂಸೆ ತನ್ನ ಕಾರಣಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತ ಹೋಗುತ್ತದೆ ಎಂಬುದನ್ನು ಇಟಲಿ, ಜರ್ಮನಿಯ ಎಡಪಂಥೀಯ ಗುಂಪುಗಳನ್ನು ಅಧ್ಯಯನ ಮಾಡಿದ ಡೊನಾಟೆಲಾ ಡೆಲಾ ಪೋರ್ಟಾ ಕೂಡ ಕಂಡುಕೊಂಡಿದ್ದರು.

ಯಾರು ಸೇರುತ್ತಾರೆ ಎಂಬ ಪ್ರಶ್ನೆ ಇನ್ನೂ ಜಟಿಲ. ಸಾಕೇತ್ ರಾಜನ್ ಮೈಸೂರಿನವರು, ದೆಹಲಿಯ ಭಾರತೀಯ ಜನಸಂವಹನ ಸಂಸ್ಥೆಯಲ್ಲಿ ಓದಿದವರು, ಕರ್ನಾಟಕದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದವರು. ಹಸಿವು ಅವರನ್ನು ಕಾಡಿಗೆ ಕಳಿಸಲಿಲ್ಲ. ಉಗ್ರವಾದಕ್ಕೂ ಬಡತನಕ್ಕೂ ಅವಿದ್ಯೆಗೂ ನೇರ ನಂಟು ಕಾಣುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಾಲೆಚ್ಕೋವಾ 2003ರಲ್ಲಿ ಹೇಳಿದ ಮಾತಿಗೆ ಅವರ ಬದುಕು ಉದಾಹರಣೆಯಂತಿದೆ. ಆದರೆ 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದ ಆರು ಜನರನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಅವರಲ್ಲಿ ಮೂವರು ಮಲೆನಾಡು ಮತ್ತು ಅದರ ಕೆಳಗಿನ ಘಟ್ಟದಂಚಿನ ಹಳ್ಳಿಗಳ ಹೆಣ್ಣುಮಕ್ಕಳು: ಮುಂಡಗಾರು, ಕುತ್ಲೂರು, ಬಾಳೆಹೊಳೆಯವರು. ಉಳಿದ ಮೂವರು ರಾಯಚೂರು, ತಮಿಳುನಾಡು, ಕೇರಳದವರು. ಸಿದ್ಧಾಂತ ಹೊತ್ತು ತಂದವರ ಕಥೆ ಒಂದು, ಊರಿನಿಂದಲೇ ಎದ್ದು ಹೋದವರ ಕಥೆ ಇನ್ನೊಂದು. ಒಂದೇ ವಿವರಣೆಯನ್ನು ಇಬ್ಬರಿಗೂ ಹಚ್ಚಿದರೆ ಇಬ್ಬರೂ ಅರ್ಥವಾಗುವುದಿಲ್ಲ.

ಎರಡನೆಯ ಬಗೆಯವರನ್ನು ಅರಿಯಲು ಅಂಕಿಅಂಶ ಸಾಲದು. ಊರಲ್ಲಿ ಉಳಿದು ಮಾತು ಕೇಳಬೇಕಾಗುತ್ತದೆ. ಬೇಲಾ ಭಾಟಿಯಾ ಮಧ್ಯ ಬಿಹಾರದಲ್ಲಿ, ಮಾನವಶಾಸ್ತ್ರಜ್ಞೆ ಆಲ್ಪಾ ಶಾ ಜಾರ್ಖಂಡ್‌ನಲ್ಲಿ ಮಾಡಿದ್ದು ಈ ಕೆಲಸ. ಕೂಲಿ ಮತ್ತು ನೆಲದಷ್ಟೇ ಮರ್ಯಾದೆಯ ಪ್ರಶ್ನೆಯೂ ಜನರನ್ನು ಚಳವಳಿಯತ್ತ ಎಳೆಯಿತು ಎಂದು ಭಾಟಿಯಾ ಕಂಡರು. ಆದಿವಾಸಿ ಯುವಕರು ಗುಂಪಿಗೆ ಹೋಗುವುದು ಬರುವುದು ಹಲವು ಸಲ ನೆಂಟರ ಮನೆಗೆ ಹೋಗಿ ಬಂದಷ್ಟು ಸಹಜವಾಗಿತ್ತು, ನಂಟು, ಸಲಿಗೆ, ಮನೆಯ ಜಗಳಗಳೂ ಅದರಲ್ಲಿ ಪಾಲು ಪಡೆದಿದ್ದವು ಎಂದು ಶಾ ಬರೆದಿದ್ದಾರೆ. ಜಾಗತಿಕ ಜಿಹಾದಿ ಗುಂಪುಗಳ 172 ಜನರ ಜೀವನವಿವರ ಕಲೆಹಾಕಿದ ಮಾರ್ಕ್ ಸೇಜ್‌ಮನ್ 2004ರಲ್ಲಿ ತಲುಪಿದ ತೀರ್ಮಾನವೂ ಹತ್ತಿರದ್ದೇ: ಸೇರುವಿಕೆಯಲ್ಲಿ ಗೆಳೆತನ ಮತ್ತು ಬಂಧುತ್ವದ ಪಾತ್ರ ಬಹಳ ದೊಡ್ಡದು. ಧರ್ಮ ಬೇರೆ, ದೇಶ ಬೇರೆ, ಸಿದ್ಧಾಂತ ಬೇರೆಯಾದರೂ ಹಾದಿ ಹೀಗೆ ಒಂದನ್ನೊಂದು ಹೋಲುವುದು ಗಮನಿಸಬೇಕಾದ ಸಂಗತಿ.

ಅಂಕಿಅಂಶದ ಕೆಲಸಕ್ಕೆ ಅದರದೇ ಬೆಲೆಯಿದೆ. ಮಳೆ ಕಡಿಮೆಯಾದಾಗ ಮಾವೋವಾದಿಗಳು ಮಾಹಿತಿದಾರರೆಂಬ ಶಂಕೆಯ ಮೇಲೆ ನಾಗರಿಕರ ಮೇಲೆ ನಡೆಸುವ ಹಿಂಸೆ ಏರುತ್ತದೆ ಎಂದು ಆಲಿವರ್ ವಾಂಡೆನ್ ಐಂಡೆ ಲೆಕ್ಕ ಹಾಕಿ ತೋರಿಸಿದರು. ಉದ್ಯೋಗ ಖಾತರಿ ಯೋಜನೆ ಬಂದ ಮೇಲೆ ಮಳೆಗೂ ಹಿಂಸೆಗೂ ಇದ್ದ ಈ ಗಂಟು ಸಡಿಲಾಯಿತು ಎಂಬುದು ಥೀಮೋ ಫೆಟ್ಜರ್ ಅವರ ಶೋಧ. ಆದರೆ ಅದೇ ಯೋಜನೆ ಆರಂಭದ ದಿನಗಳಲ್ಲಿ ಹಿಂಸೆಯನ್ನು ಹೆಚ್ಚಿಸಿತು ಎಂದು ಗೌರವ್ ಖನ್ನಾ ಮತ್ತು ಲಾರಾ ಜಿಮರ್‌ಮನ್ ಕಂಡರು. ಸರ್ಕಾರದ ಮೇಲೆ ಭರವಸೆ ಮೂಡಿದ ಜನ ಪೊಲೀಸರಿಗೆ ಮಾಹಿತಿ ಕೊಡತೊಡಗಿದ್ದು ಕಾರಣವಿರಬೇಕು ಎಂಬುದು ಅವರ ವಿವರಣೆ. ಎರಡೂ ಒಟ್ಟಿಗೆ ನಿಜವಾಗಬಲ್ಲವು. ಅಭಿವೃದ್ಧಿ ಕೆಲಸ ಕೈಗೊಂಡ ಮೊದಲ ವರ್ಷವೇ ಶಾಂತಿ ಬರಲಿಲ್ಲವೆಂದು ಯೋಜನೆಯನ್ನು ಕೈಬಿಡುವ ಅಧಿಕಾರಿ ಇದನ್ನು ಓದಿರಬೇಕಿತ್ತು.

ಸಂಶೋಧನೆ ಆಡಳಿತವನ್ನು ತಿದ್ದಿದ ಸಂದರ್ಭಗಳೂ ಇವೆ. ಯೋಜನಾ ಆಯೋಗದ ತಜ್ಞರ ತಂಡ ಡಿ. ಬಂದೋಪಾಧ್ಯಾಯ ಅವರ ಅಧ್ಯಕ್ಷತೆಯಲ್ಲಿ 2008ರಲ್ಲಿ ಕೊಟ್ಟ ವರದಿ, ನಕ್ಸಲ್ ಪ್ರದೇಶಗಳ ಅಶಾಂತಿಗೆ ಭೂಮಿ, ಅರಣ್ಯ, ಸ್ಥಳಾಂತರ ಮತ್ತು ಅವಮಾನಗಳನ್ನು ಕಾರಣವಾಗಿ ಗುರುತಿಸಿತು. ಆ ತಂಡದಲ್ಲಿ ವಿದ್ವಾಂಸರು, ಮಾನವ ಹಕ್ಕು ಹೋರಾಟಗಾರರು, ನಿವೃತ್ತ ಪೊಲೀಸ್ ಅಧಿಕಾರಿಗಳು ಒಟ್ಟಿಗೆ ಕೂತಿದ್ದರು ಎಂಬುದು ಇಂದಿನ ಕಾಲಕ್ಕೆ ಅಚ್ಚರಿ ಎನಿಸುತ್ತದೆ. ಛತ್ತೀಸಗಡದಲ್ಲಿ ಆದಿವಾಸಿ ಯುವಕರಿಗೇ ಬಂದೂಕು ಕೊಟ್ಟು ನಕ್ಸಲರ ಮೇಲೆ ಬಿಡುವ ಸಾಲ್ವಾ ಜುಡುಂ ಪದ್ಧತಿಯನ್ನು ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್ ಮತ್ತಿತರರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು.

ಉಗ್ರ ಗುಂಪುಗಳು ಹೇಗೆ ಮುಗಿಯುತ್ತವೆ? ರ್‍ಯಾಂಡ್ ಸಂಸ್ಥೆಗಾಗಿ ಸೇತ್ ಜೋನ್ಸ್ ಮತ್ತು ಮಾರ್ಟಿನ್ ಲಿಬಿಕಿ 1968ರಿಂದ 2006ರವರೆಗಿನ 648 ಗುಂಪುಗಳ ಮಾಹಿತಿ ಜಾಲಾಡಿದರು. ಕೊನೆಗೊಂಡ ಗುಂಪುಗಳಲ್ಲಿ ಶೇ 43ರಷ್ಟು ರಾಜಕೀಯದ ದಾರಿಗೆ ಬಂದಿದ್ದವು, ಶೇ 40ರಷ್ಟನ್ನು ಪೊಲೀಸ್ ಮತ್ತು ಗುಪ್ತಚರ ಕೆಲಸ ಮುಗಿಸಿತ್ತು, ಸೇನಾಬಲದಿಂದ ಮುಗಿದವು ಶೇ 7 ಮಾತ್ರ. ಕರ್ನಾಟಕದಲ್ಲಿ ಮೊದಲ ಎರಡೂ ಸೇರಿಕೊಂಡವು. ಕೂಂಬಿಂಗ್ ನಡೆದಿತ್ತು, 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಮ್ ಗೌಡ ಹತರಾದರು. ಇನ್ನೊಂದು ಕಡೆ ಮಾತುಕತೆಯ ದಾರಿಯೂ ಬಹಳ ಹಿಂದೆಯೇ ತೆರೆದಿತ್ತು. ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರ ಮಧ್ಯಸ್ಥಿಕೆಯಲ್ಲಿ 2014ರ ಡಿಸೆಂಬರ್‌ನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಚಿಕ್ಕಮಗಳೂರಿನಲ್ಲಿ ಹೊರಬಂದರು. ಶಸ್ತ್ರ ಬಿಡುವುದು ಬೇರೆ, ನಂಬಿಕೆ ಬಿಡುವುದು ಬೇರೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಹೋರ್ಗನ್ ಮಾಡುವ ವಿಂಗಡಣೆ ಇವರಿಬ್ಬರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಬ್ಬರೂ ಎಡಪಂಥೀಯ ವಿಚಾರ ಬಿಡಲಿಲ್ಲ, ಜನಪರ ಹೋರಾಟಗಳಲ್ಲಿ ಬಹಿರಂಗವಾಗಿಯೇ ಮುಂದುವರಿದರು. ಹತ್ತು ವರ್ಷದ ನಂತರ ಉಳಿದವರನ್ನು ಕರೆತರುವಲ್ಲಿ ಅವರ ಪಾತ್ರವೂ ಇತ್ತು. ವಿಚಾರ ಬದಲಿಸಿಕೊಂಡು ಬಾ ಎಂಬ ಷರತ್ತು ಹಾಕಿದ್ದರೆ ಅವರು ಬರುತ್ತಿದ್ದುದು ಅನುಮಾನ.

ಸಂಶೋಧನೆಗೂ ಮಧ್ಯಸ್ಥಿಕೆಗೂ ಅಪಾಯಗಳಿವೆ. ವಚನ ಸಂಶೋಧಕ ಎಂ.ಎಂ. ಕಲಬುರ್ಗಿ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ನಕ್ಸಲರನ್ನು ಮಾತಿನ ದಾರಿಗೆ ತಂದ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯೆದುರೇ ಕೊಂದರು. ಇದು ಬೇರೆ ಬಣ್ಣದ ಉಗ್ರವಾದ; ಇದರ ಬಗ್ಗೆಯೂ ಅಷ್ಟೇ ಶ್ರದ್ಧೆಯ ಅಧ್ಯಯನ ಬೇಕು. ಹಳ್ಳಿಯವರಿಗೆ ಅಪಾಯ ಇನ್ನೊಂದು ಬಗೆಯದು. ರಾತ್ರಿ ಬಂದ ತಂಡಕ್ಕೆ ಅನ್ನ ಬಡಿಸಿದ್ದನ್ನು ಸಂಶೋಧಕರಿಗೆ ಹೇಳಿದ ಮಹಿಳೆಯ ಮಾತು ಪೊಲೀಸ್ ಕಡತ ಸೇರಿದರೆ ಅಲ್ಲಿಗೆ ಆ ಊರಿನ ಬಾಯಿ ಮುಚ್ಚುತ್ತದೆ. ಹೆಸರು ಮರೆಮಾಚುವುದು, ಟಿಪ್ಪಣಿಯನ್ನು ಕಾಪಾಡುವುದು ಇಲ್ಲಿ ಬರೀ ಶಿಷ್ಟಾಚಾರವಲ್ಲ.

2025ರ ಫೆಬ್ರುವರಿಯ ಆರಂಭದಲ್ಲಿ ಉಳಿದಿದ್ದ ಇಬ್ಬರು ನಕ್ಸಲರೂ ಚಿಕ್ಕಮಗಳೂರು ಮತ್ತು ಉಡುಪಿಯಲ್ಲಿ ಶರಣಾದ ಮೇಲೆ ರಾಜ್ಯ ನಕ್ಸಲ್‌ಮುಕ್ತ ಎಂದು ಸರ್ಕಾರ ಹೇಳಿತು. ವಿಶ್ವವಿದ್ಯಾಲಯಗಳ ಕೆಲಸ ಈಗ ಶುರುವಾಗಬೇಕು. ಕಾಡಿನಿಂದ ಬಂದವರು, ಅವರನ್ನು ಹುಡುಕುತ್ತ ಮಳೆಯಲ್ಲಿ ಅಲೆದ ಪೇದೆಗಳು, ಎರಡೂ ಕಡೆಯ ಭಯದಲ್ಲಿ ಬದುಕಿದ ಹಳ್ಳಿಗರು, ಮಧ್ಯಸ್ಥಿಕೆ ವಹಿಸಿದವರು: ಇವರೆಲ್ಲರ ನೆನಪು ಇನ್ನೂ ಹಸಿಯಾಗಿದೆ, ಆದರೆ ಅನೇಕರಿಗೆ ವಯಸ್ಸಾಗುತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಉದ್ಯಾನದ ಸುತ್ತಲಿನ ಯಾವ ಹಳ್ಳಿಯಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು ಎಂಬ ಲೆಕ್ಕವನ್ನು ಆ ಹಳ್ಳಿಗಳಲ್ಲಿ ತಂಡಗಳಿಗೆ ಸಿಕ್ಕ ಆಸರೆಯೊಂದಿಗೆ ತಾಳೆ ನೋಡಬಹುದು. ಶಿವನಿ, ಅಜ್ಜಂಪುರದಂಥ ಬಯಲು ಹೋಬಳಿಗಳ ಬಗರ್ ಹುಕುಂ ಕಡತಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಹೋಲಿಕೆ ಪೂರ್ತಿಯಾಗುತ್ತದೆ. ಆ ದಾಖಲೆಗಳು ತಾಲ್ಲೂಕು ಕಚೇರಿಗಳಲ್ಲಿ, ಅರಣ್ಯ ಇಲಾಖೆಯ ವಲಯ ಕಚೇರಿಗಳಲ್ಲಿ ಸಿಗಬೇಕಾದವು. ಓದಲು ಬೇಕಾದದ್ದು ಕನ್ನಡವೂ ತುಳುವೂ ಬಲ್ಲ, ಮಲೆನಾಡಿನ ಮಳೆಗಾಲಕ್ಕೆ ಅಂಜದ ಕೆಲವು ಯುವ ಸಂಶೋಧಕರು.